ತಾಯಿಮರದ ಪ್ರಮಾಣ ಅಥವಾ ಫಲವೃಕ್ಷದ ಸಸಿಯನ್ನು ಕೊಳ್ಳುವವರು ಅರಿತಿರತಕ್ಕ ಪೂರ್ವೇತಿಹಾಸ

ಲೋಕದಲ್ಲಿ ಹಣಕೊಟ್ಟು ಕೊಳ್ಳುವ ಪದಾರ್ಥಗಳು ಎರಡು ವಿಧವಾಗಿರುವುವು. ವಸ್ತ್ರ, ಪಾತ್ರೆ, ಧಾನ್ಯ ಮೊದಲಾದವುಗಳ ಗುಣದೋಷಗಳನ್ನು ಕೊಳ್ಳುವ ಕಾಲದಲ್ಲಿಯೇ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ನಿಶ್ಚಯಿಸಬಹುದು. ಫಲವೃಕ್ಷದ ಸಸಿಯಾದರೋ ಹಾಗಲ್ಲ. ಮೊಳದುದ್ದದ ಒಂದು ಕಡ್ಡಿ, ನಾಲ್ಕಾರು ಎಲೆ, ಒಂದು ಹಿಡಿ ಮಣ್ಣು; ಕೊಳ್ಳುವವನ ಕಣ್ಣಿಗೆ ಬೀಳುವುದು ಇಷ್ಟೇ. ಅದರ ಹಣ್ಣು ಸಿಹಿಯೋ ಹುಳಿಯೋ, ನಾರುಳ್ಳದ್ದೋ ನಾರಿಲ್ಲದ್ದೋ, ವರ್ಷವರ್ಷವೂ ಫಲಿಸುವುದೋ ವರ್ಷ ಬಿಟ್ಟು ವರ್ಷವೋ ಎಂಬುದೊಂದೂ ಆ ದಿನ ತಿಳಿಯದು. ಕಸಿಯ ಮಾವು ತಕ್ಕಮಟ್ಟಿಗೆ ಫಲ ಕೊಡುವುದಕ್ಕೆ ನಾಲ್ಕೈದು ವರ್ಷಗಳು ಬೇಕು. ವಾಟೆಯಿಂದ ಹುಟ್ಟಿದ ಮರಕ್ಕೆ ಎಂಟು ಹತ್ತು ವರ್ಷಗಳಾದರೂ ಬೇಕು. ಅಷ್ಟು ಕಾಲ ನೀರೆರೆದು, ಬೇಲಿಕಟ್ಟಿ, ದನಕರುಗಳಿಂದ ಕಾಪಾಡಿದ ಮೇಲೆ ತಾನು ಬಯಸಿದ ಮರ ಇದಲ್ಲವೆಂದು ತಿಳಿದರೆ, ಹೋದ ಹಣವು ಅಲ್ಪ; ಹೋದ ಕಾಲವು ಮರಳಿ ಬಾರದು.

ಆದುದರಿಂದ ಸಸಿಯನ್ನು ಕೊಳ್ಳುವುದೆಂದರೆ ಮುಖ್ಯವಾಗಿ ಒಂದು ಮಾತನ್ನು ನಂಬುವುದು. ಇಲ್ಲಿ ತರ್ಕಶಾಸ್ತ್ರದ ಪರಿಭಾಷೆಯು ನಮಗೆ ಸಹಾಯಕವಾಗಿದೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುವರು. ಸಸಿಯಲ್ಲಿ ಫಲದ ಪ್ರತ್ಯಕ್ಷವಿಲ್ಲ. ಚಿಗುರಿನ ಬಣ್ಣ, ಎಲೆಯನ್ನು ಹಿಸುಕಿದಾಗ ಬರುವ ವಾಸನೆ ಇವುಗಳಿಂದ ಪರಿಚಯವುಳ್ಳವನು ಕೆಲಮಟ್ಟಿಗೆ ಅನುಮಾನಿಸಬಹುದು. ಪರಿಚಯವಿಲ್ಲದವನಿಗೆ ಅದೂ ಸಾಧ್ಯವಿಲ್ಲ. ಉಳಿದಿರುವುದು ಆಪ್ತವಾಕ್ಯವೊಂದೇ. ಆಪ್ತನೆಂದರೆ ನಮಗೆ ಬೇಕಾದವನು ಎಂದರ್ಥವಲ್ಲ. ವಸ್ತುವನ್ನು ಇದ್ದಂತೆ ಕಂಡು, ಕಂಡಂತೆ ಹೇಳುವವನು ಆಪ್ತನು. ಫಲವೃಕ್ಷಗಳ ವಿಷಯದಲ್ಲಿ ಅಂತಹ ಆಪ್ತನು ಯಾರು? ನಮ್ಮ ನಾಡಿನ ಇತಿಹಾಸವನ್ನು ಪರಿಶೀಲಿಸಿದರೆ, ಗ್ರಂಥಗಳೂ ರಾಜೋದ್ಯಾನಗಳೂ ಸರ್ಕಾರದ ಸಸ್ಯಕ್ಷೇತ್ರಗಳೂ ಬಹಳ ಉಪಕಾರ ಮಾಡಿರುವುವಾದರೂ, ಅವೆಲ್ಲಕ್ಕೂ ಮೂಲವಾಗಿ ತನ್ನ ಹಿತ್ತಲಿನಲ್ಲಿ ತಾಯಿಮರವನ್ನಿಟ್ಟುಕೊಂಡು ಅದರ ಗುಣವನ್ನು ವರ್ಷವರ್ಷವೂ ಕಂಡಿರುವ ಗೃಹಸ್ಥನೇ ನಿಂತಿರುವನೆಂದು ಕಂಡುಬರುವುದು. ಈ ಸಂಗತಿಯನ್ನು ಭಕ್ತಜನರ ಮುಂದೆ ಯಥಾಮತಿ ನಿವೇದಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಗ್ರಂಥಗಳ ವಿಚಾರವನ್ನು ನೋಡೋಣ. ಕ್ರಿ.ಶ. ಆರನೆಯ ಶತಮಾನದವನಾದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟಿರುವನು. ಹಲಸು, ಬಾಳೆ, ನೇರಳೆ, ದಾಳಿಂಬ, ದ್ರಾಕ್ಷಿ, ಮಾದಲ ಮೊದಲಾದವುಗಳನ್ನು ಬೀಜದಿಂದಲ್ಲದೆ ಕಾಂಡದಿಂದ ಬೆಳೆಸಬೇಕೆಂದೂ, ಆ ಕಾಂಡಕ್ಕೆ ಗೋಮಯವನ್ನು ಲೇಪಿಸಬೇಕೆಂದೂ, ಮತ್ತೊಂದು ಗಿಡವನ್ನು ಬೇರಿನ ಬಳಿಯಲ್ಲಾಗಲಿ ಸ್ಕಂಧದಲ್ಲಾಗಲಿ ಕಡಿದು ಅಲ್ಲಿ ಕೂಡಿಸಬಹುದೆಂದೂ ಆತನು ವಿಧಿಸಿರುವನು. ಮರಕ್ಕೂ ಮರಕ್ಕೂ ೨೦ ಮೊಳ ಅಂತರವು ಉತ್ತಮ, ೧೬ ಮೊಳ ಮಧ್ಯಮ, ೧೨ ಮೊಳ ಕನಿಷ್ಠ ಎಂಬ ಲೆಕ್ಕವೂ ಅಲ್ಲಿದೆ. ಕನ್ನಡದಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು ಕ್ರಿ.ಶ. ೧೦೨೫ರಲ್ಲಿ ರಚಿಸಿದ ಲೋಕೋಪಕಾರವೆಂಬ ಗ್ರಂಥದಲ್ಲಿ ವೃಕ್ಷಗಳ ಆರೈಕೆಯ ಭಾಗವು ವಿಸ್ತಾರವಾಗಿಯೇ ಬಂದಿದೆ. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಉದ್ಯಾನದ ವಿಚಾರವು ಉಂಟು. ಕಾಂಡದಿಂದ ಗಿಡವನ್ನು ಬೆಳೆಸುವ ವಿದ್ಯೆಯು ನಮಗೆ ಹೊರಗಿನಿಂದ ಬಂದ ಹೊಸ ಸಂಗತಿಯಲ್ಲವೆಂಬುದಕ್ಕೆ ಇಷ್ಟು ಸಾಕು.

ಆದರೆ ಗ್ರಂಥವು ಜಾತಿಯನ್ನು ಹೇಳೀತೇ ಹೊರತು ವ್ಯಕ್ತಿಯನ್ನು ಹೇಳಲಾರದು. ಮಾವು ಎಂಬುದು ಜಾತಿ. ಇಂತಹ ಊರಿನ ಇಂತಹವರ ಹಿತ್ತಲಿನ ಮಾವು ಎಂಬುದು ವ್ಯಕ್ತಿ. ನಮ್ಮ ಬಯಲುಸೀಮೆಯ ಹೆಚ್ಚಿನ ಮಾವುಗಳಲ್ಲಿ ಒಂದು ವಾಟೆಯೊಳಗೆ ಒಂದೇ ಮೊಳಕೆ ಇರುವುದು. ಅದು ಹೂವಿಗೆ ಬಿದ್ದ ಬೇರೆ ಮರದ ಪರಾಗದ ಗುಣವನ್ನೂ ಪಡೆದಿರುವುದರಿಂದ ತಾಯಿಯಂತೆಯೇ ಆಗುವುದೆಂಬ ಭರವಸೆಯಿಲ್ಲ. ಹಲಸಿನ ಬೀಜದ ಗತಿಯೂ ಇದೇ. ಒಂದೇ ಹಣ್ಣಿನ ಹತ್ತು ಬೀಜಗಳನ್ನು ಬಿತ್ತಿದರೆ ಹತ್ತು ವಿಧದ ಮರಗಳಾಗಬಹುದು. ಪಶ್ಚಿಮ ಕರಾವಳಿಯ ಬಪ್ಪಕಾಯಿ, ಒಲೂರು, ನೆಕ್ಕರೆ ಮೊದಲಾದ ಕೆಲವು ಮಾವುಗಳಲ್ಲಿ ಮಾತ್ರ ಒಂದು ವಾಟೆಯಿಂದ ಹಲವು ಮೊಳಕೆಗಳು ಹೊರಟು, ಅವುಗಳಲ್ಲಿ ಹೆಚ್ಚಿನವು ತಾಯಿಯನ್ನೇ ಹೋಲುವುವು. ಉಳಿದೆಡೆ, ಒಳ್ಳೆಯ ಮರವೊಂದು ಹುಟ್ಟುವುದು ದೈವಯೋಗದಿಂದ; ಉಳಿಯುವುದು ಮನುಷ್ಯಪ್ರಯತ್ನದಿಂದ. ಆ ಪ್ರಯತ್ನಕ್ಕೆ ಕಸಿಯೆಂದು ಹೆಸರು. ಬೇರುಗಿಡ ಯಾವುದಾದರೂ ಆಗಲಿ, ಮೇಲಿನ ಕುಡಿಯು ಯಾವ ಮರದ್ದೋ ಹಣ್ಣು ಆ ಮರದ್ದೇ ಆಗುವುದು. ಹೀಗಿರುವುದರಿಂದ “ಇದು ಕಸಿಗಿಡವೇ?” ಎಂದು ಕೇಳಿದರೆ ಅರ್ಧ ಪ್ರಶ್ನೆಯಾಯಿತು, “ಯಾವ ಮರದ ಕುಡಿ?” ಎಂಬುದು ಪೂರ್ಣ ಪ್ರಶ್ನೆ.

ಮಾವಿನ ಕಸಿಯು ನಮ್ಮ ನೆರೆಯಲ್ಲಿ ವಿಶೇಷವಾಗಿ ಅಭಿವೃದ್ಧಿಗೆ ಬಂದುದು ಗೋವೆಯಲ್ಲಿ. ೧೫೧೦ರಲ್ಲಿ ಪೋರ್ತುಗೀಜರು ಆ ಪಟ್ಟಣವನ್ನು ವಶಪಡಿಸಿಕೊಂಡ ತರುವಾಯ ಅವರ ಹಡಗುಗಳ ಮೂಲಕ ಅಮೇರಿಕಾ ಖಂಡದ ಗೇರು, ಅನಾನಸು, ಪರಂಗಿ, ಸೀಬೆ ಮೊದಲಾದವು ಈ ದೇಶಕ್ಕೆ ಬಂದುವು. ಅವರ ಪಾದ್ರಿಗಳು ನಮ್ಮ ಮಾವಿನ ಉತ್ತಮ ಮರಗಳನ್ನು ಆರಿಸಿ ಕಸಿಮಾಡಿಸಿದರು. ಹದಿನೇಳನೆಯ ಶತಮಾನದಲ್ಲಿ ಭಾರತದಲ್ಲಿದ್ದ ಮನೂಚಿ ಎಂಬ ಇಟಲಿ ದೇಶದವನು ಗೋವೆಯ ಮಾವುಗಳನ್ನು ಬಹಳವಾಗಿ ಪ್ರಶಂಸಿಸಿ, ಅವುಗಳ ಹೆಸರುಗಳನ್ನು ಬರೆದಿಟ್ಟಿರುವನು. ಅವುಗಳಲ್ಲಿ ನಿಕೊಲಾವು ಅಫೊನ್ಸೊ ಎಂಬವನ ಹೆಸರಿನ ಮಾವೂ ಒಂದು. ಈಗ ಲೋಕಪ್ರಸಿದ್ಧವಾಗಿರುವ ಆಲ್ಫಾನ್ಸೊ ಮಾವಿಗೆ ಗೋವೆಯನ್ನು ಗೆದ್ದ ಅಲ್ಬುಕರ್ಕನ ಹೆಸರು ಬಂದಿತೆಂದು ಜನರು ಹೇಳುವುದುಂಟು. ಆದರೆ ಮನೂಚಿಯ ಪಟ್ಟಿಯಲ್ಲಿ ಕಾಣುವ ಹೆಸರುಗಳ ರೀತಿಯನ್ನು ನೋಡಿದರೆ, ಸೇನಾಪತಿಗಿಂತಲೂ ಮರದ ಒಡೆಯನ ಹೆಸರೇ ಹಣ್ಣಿಗೆ ಬರುವುದು ಆಗಿನ ವಾಡಿಕೆಯಾಗಿತ್ತೆಂದು ತೋರುವುದು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದು ಮತ್ತೆ ಪ್ರಯೋಜನಕ್ಕೆ ಬರುವುದು.

ಆ ಮಾವು ಘಟ್ಟವನ್ನೇರಿ ಧಾರವಾಡ, ಬೆಳಗಾವಿ ಪ್ರಾಂತಗಳಲ್ಲಿ ಆಪೂಸು ಎಂದೂ, ಬೆಂಗಳೂರು, ಕೋಲಾರ, ರಾಮನಗರ ಕಡೆಗಳಲ್ಲಿ ಬಾದಾಮಿ ಎಂದೂ ಕರೆಯಲ್ಪಡುತ್ತಿದೆ. ಮರ ಒಂದೇ, ಹೆಸರು ಎರಡು. ಇನ್ನು ಕೆಲವೆಡೆ ಹೆಸರು ಒಂದೇ, ಮರ ಎರಡು. ಹೆಸರನ್ನು ಮಾತ್ರ ನಂಬಿ ಸಸಿಯನ್ನು ತಂದವನು ಮೋಸಹೋಗುವುದು ಇಲ್ಲಿಯೇ. ಹೆಸರೆಂಬುದು ಬಾಯಿಂದ ಬಾಯಿಗೆ ಸಾಗುವಾಗ ಬದಲಾಗಬಹುದು. ತಾಯಿಮರವು ನಿಂತಲ್ಲಿಯೇ ನಿಂತಿರುವುದು.

ಇನ್ನು ರಾಜೋದ್ಯಾನಗಳ ವಿಚಾರ. ೧೭೬೦ರಲ್ಲಿ ಹೈದರಾಲಿಯು ಬೆಂಗಳೂರಿನಲ್ಲಿ ಲಾಲ್‌ಬಾಗ್ ತೋಟವನ್ನು ಪ್ರಾರಂಭಿಸಿದನು. ಅವನ ಮಗನಾದ ಟಿಪ್ಪುವು ಅದನ್ನು ಬೆಳೆಸಿದನು. ಶ್ರೀರಂಗಪಟ್ಟಣವು ಬಿದ್ದ ಮಾರನೆಯ ವರ್ಷ, ಎಂದರೆ ೧೮೦೦ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಬೆಂಗಳೂರಿನ ಸುಲ್ತಾನನ ತೋಟಗಳನ್ನು ನೋಡಿ, ಒಂದೊಂದು ಚೌಕದಲ್ಲಿ ಒಂದೊಂದೇ ಬಗೆಯ ಗಿಡಗಳಿದ್ದುವೆಂದೂ, ಗುಲಾಬಿಗೆ ಒಂದು ಚೌಕ, ದಾಳಿಂಬಕ್ಕೆ ಒಂದು ಚೌಕ ಎಂಬಂತೆ ವಿಂಗಡವಾಗಿದ್ದುವೆಂದೂ ಬರೆದಿರುವನು. ೧೮೫೬ರಲ್ಲಿ ಲಾಲ್‌ಬಾಗ್ ಸರ್ಕಾರದ ಸಸ್ಯೋದ್ಯಾನವಾಯಿತು. ೧೮೭೪ರಿಂದ ೧೯೦೮ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಎಂಬವರು ಹೊರದೇಶಗಳಿಂದ ಅನೇಕ ಫಲಶಾಕಗಳನ್ನು ತರಿಸಿ ಇಲ್ಲಿ ನೆಲೆಗೊಳಿಸಿದರು. ಈಗ ಮನೆಮನೆಯ ಅಡಿಗೆಗೆ ಬಂದಿರುವ ಸೀಮೆಬದನೆಯು ಅವರ ಕಾಲದಲ್ಲಿ ಬಂದುದು. ಅವರ ತರುವಾಯ ಜರ್ಮನಿಯಿಂದ ಬಂದ ಕ್ರುಂಬೀಗಲ್ ಎಂಬವರು ೧೯೩೨ರವರೆಗೆ ಅಧಿಕಾರದಲ್ಲಿದ್ದರು. ಅವರ ಬಳಿಕ ಹೆಚ್. ಸಿ. ಜವರಾಯರು, ೧೯೫೧ರಿಂದ ಎಂ. ಹೆಚ್. ಮರಿಗೌಡರು. ಮರಿಗೌಡರ ಕಾಲದಲ್ಲಿ ತೋಟಗಾರಿಕೆಯು ಬೆಂಗಳೂರಿನ ಒಂದು ಉದ್ಯಾನದಲ್ಲಿ ನಿಲ್ಲದೆ, ನಾಡಿನ ತಾಲ್ಲೂಕು ತಾಲ್ಲೂಕುಗಳಲ್ಲಿ ನೂರಾರು ಕ್ಷೇತ್ರಗಳೂ ಸಸ್ಯಾಗಾರಗಳೂ ಸ್ಥಾಪಿತವಾದುವು. ಹಳ್ಳಿಯ ರೈತನು ತನ್ನ ಸಮೀಪದ ಊರಿನಲ್ಲಿಯೇ ತಾಯಿಮರವನ್ನು ಕಣ್ಣಾರೆ ಕಂಡು ಸಸಿಯನ್ನು ಕೊಳ್ಳುವಂತಾದುದು ಈ ವ್ಯವಸ್ಥೆಯ ಮಹೋಪಕಾರವು.

ಆದರೂ ಸರ್ಕಾರದ ಪಟ್ಟಿಯಲ್ಲಿ ಸೇರದ ಮರಗಳು ನಮ್ಮ ಹಿತ್ತಲುಗಳಲ್ಲಿ ಎಷ್ಟೋ ಇದ್ದುವು. ಮಲೆನಾಡಿನ ಅಪ್ಪೆಮಿಡಿಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಇದು ಹಣ್ಣಿಗಾಗಿ ಅಲ್ಲ, ಉಪ್ಪಿನಕಾಯಿಯ ಮಿಡಿಗಾಗಿ ಬೇಕಾದ ಮಾವು. ಶರಾವತಿ, ಅಘನಾಶಿನಿ, ಕುಮುದ್ವತಿ ಮೊದಲಾದ ಹೊಳೆಗಳ ದಂಡೆಗಳಲ್ಲಿ ತಾನಾಗಿ ಹುಟ್ಟಿ ಬೆಳೆದ ಈ ಮರಗಳ ಸೊನೆಯ ಪರಿಮಳವು ಮರದಿಂದ ಮರಕ್ಕೆ ಬೇರೆ. ಒಂದಕ್ಕೆ ಜೀರಿಗೆಯ ವಾಸನೆ, ಮತ್ತೊಂದಕ್ಕೆ ಕರ್ಪೂರದ ವಾಸನೆ. ಮಿಡಿಯನ್ನು ಕೀಳುವ ಆತುರದಲ್ಲಿ ಕೊಂಬೆಗಳನ್ನೇ ಕಡಿದುದರಿಂದ ಕೆಲವು ಮರಗಳು ನಾಶವಾದುವು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಪೂರ್ತಿಯಾಗಿ ಶರಾವತಿಯ ಕಣಿವೆಯು ಮುಳುಗಿದಾಗ ಹೊಳೆಯಂಚಿನ ಕಾಡು ನೀರಿನ ಪಾಲಾಯಿತು. ನಾಡಿಗೆ ವಿದ್ಯುಚ್ಛಕ್ತಿಯು ದೊರಕಿತು. ದಂಡೆಯ ಮರಗಳು ಹೋದುವು. ಹೀಗಿದ್ದೂ ಅಪ್ಪೆಮಿಡಿಯ ತಳಿಗಳು ಇಂದು ಉಳಿದಿರುವುದಾದರೆ, ಸಾಗರ, ಹೊಸನಗರ, ಶಿರಸಿ, ಸಿದ್ದಾಪುರ ಸೀಮೆಗಳ ಕೆಲವು ಗೃಹಸ್ಥರು ಕಾಡುಮೇಡು ಅಲೆದು, ಒಳ್ಳೆಯ ಮರಗಳ ಕುಡಿಗಳನ್ನು ತಂದು, ತಮ್ಮ ತೋಟಗಳಲ್ಲಿ ಕಸಿಕಟ್ಟಿ, ಕೇಳಿದವರಿಗೆ ಕೊಟ್ಟುದೇ ಅದಕ್ಕೆ ಮುಖ್ಯ ಕಾರಣವು. ಅಲ್ಲಿಯ ತಳಿಗಳ ಹೆಸರುಗಳನ್ನು ಗಮನಿಸಬೇಕು. ಅನಂತಭಟ್ಟನ ಅಪ್ಪೆ ಎಂಬುದು ಒಂದು ಮನುಷ್ಯನ ಹೆಸರು. ಮಾಳಂಜಿ ಎಂಬುದು ಒಂದು ಊರಿನ ಹೆಸರು. ಗೋವೆಯ ಅಫೊನ್ಸೊವಿಗೂ ಮಲೆನಾಡಿನ ಅನಂತಭಟ್ಟನಿಗೂ ಭಾಷೆಯಲ್ಲಿ, ಮತದಲ್ಲಿ, ಕಾಲದಲ್ಲಿ ಸಂಬಂಧವಿಲ್ಲ. ಆದರೂ ಇಬ್ಬರೂ ಮರದ ಹೆಸರಾಗಿ ಉಳಿದರು.

ಆಪ್ತನಲ್ಲದವನಿಂದ ಕೊಂಡರೆ ಆಗುವ ಹಾನಿಯು ಒಬ್ಬನ ತೋಟಕ್ಕೆ ಮಾತ್ರ ನಿಲ್ಲದೆ ಇಡಿಯ ಸೀಮೆಗೆ ತಟ್ಟಬಹುದೆಂಬುದಕ್ಕೆ ಎರಡು ದುಃಖಕರವಾದ ಉದಾಹರಣೆಗಳಿವೆ. ಮೊದಲನೆಯದು ನಂಜನಗೂಡಿನ ರಸಬಾಳೆ. ಬಾಳೆಯು ಕಂದಿನಿಂದ ಬೆಳೆಯುವ ಗಿಡವಾದುದರಿಂದ ತಾಯಿಯ ಗುಣದಂತೆ ತಾಯಿಯ ರೋಗವೂ ಮಗುವಿಗೆ ಬರುವುದು. ಪನಾಮಾ ಸೊರಗುರೋಗವೆಂಬ ಬೂಷ್ಟಿನ ಬೇನೆಯು ಗೆಡ್ಡೆಯನ್ನೂ ಮಣ್ಣನ್ನೂ ಹಿಡಿದು, ಒಮ್ಮೆ ಹೊಕ್ಕ ಭೂಮಿಯಲ್ಲಿ ಬಹುವರ್ಷಗಳ ಪರ್ಯಂತ ಉಳಿಯುವುದು. ರೋಗದ ಹೊಲದ ಕಂದುಗಳು ನಿರೋಗಿ ಹೊಲಗಳಿಗೆ ಹೋದಂತೆಲ್ಲ ಬೇನೆಯೂ ಅವುಗಳೊಡನೆ ಪ್ರಯಾಣ ಮಾಡಿತು. ಮೈಸೂರಿಗೆ ಕೀರ್ತಿಯನ್ನು ತಂದಿದ್ದ ಆ ಬಾಳೆಯ ಬೇಸಾಯವು ಕುಗ್ಗುತ್ತ ಕುಗ್ಗುತ್ತ ಕೆಲವೇ ತೋಟಗಳಿಗೆ ಸೀಮಿತವಾಯಿತು. ಭೌಗೋಳಿಕ ಗುರುತೆಂಬ ರಾಜಮುದ್ರೆಯು ಅದಕ್ಕೆ ದೊರಕಿರುವುದಾದರೂ, ಮುದ್ರೆಯು ಹೆಸರನ್ನು ಕಾಯುವುದು. ಗೆಡ್ಡೆಯನ್ನು ಕಾಯಬೇಕಾದವನು ಬೆಳೆಗಾರನೇ.

ಎರಡನೆಯದು ಕೊಡಗಿನ ಕಿತ್ತಳೆ. ಕಾಫಿಯ ತೋಟಗಳ ನಡುವೆ ಬೆಳೆದು ಕೊಡಗಿನ ಮನೆಗಳಿಗೆ ವರಮಾನವನ್ನು ಕೊಡುತ್ತಿದ್ದ ಈ ಹಣ್ಣಿನ ಮರಗಳು ಇಪ್ಪತ್ತನೆಯ ಶತಮಾನದ ನಡುವಿನಿಂದ ಈಚೆಗೆ ತುದಿಯಿಂದ ಒಣಗುತ್ತ ಬಂದುವು. ಬೇರುಕೊಳೆ, ಹಸಿರುರೋಗ, ಹೇನಿನಿಂದ ಹರಡುವ ನಂಜುರೋಗ ಇವೆಲ್ಲವೂ ಸೇರಿ ಈ ಅನರ್ಥವಾಯಿತೆಂದು ತಜ್ಞರು ನಿರ್ಣಯಿಸಿರುವರು. ಹಸಿರುರೋಗವು ಜಿಗಿಹುಳುವಿನಿಂದ ಹರಡುವಂತೆಯೇ ರೋಗದ ಮರದಿಂದ ತೆಗೆದ ಕಣ್ಣನ್ನು ಕಸಿಮಾಡುವುದರಿಂದಲೂ ಹರಡುವುದು. ಕಣ್ಣನ್ನು ಕೊಟ್ಟ ಮರವು ನಿರೋಗಿಯೇ ಎಂದು ಬಲ್ಲವನು ಆ ಮರವನ್ನು ಪ್ರತಿದಿನವೂ ನೋಡುವವನು. ಎಲ್ಲಿಂದಲೋ ಬಂದ ಗಾಡಿಯಲ್ಲಿ ಸಸಿಗಳನ್ನು ಹೇರಿಕೊಂಡು ಸಂತೆಯಲ್ಲಿ ಮಾರಿ ಹೋಗುವವನಿಗೆ ಇದು ತಿಳಿಯುವಂತಿಲ್ಲ. ತಿಳಿದರೂ ಮುಂದಿನ ವರ್ಷ ಅವನನ್ನು ಕೇಳುವುದಕ್ಕೆ ಅವನು ಸಿಕ್ಕುವುದಿಲ್ಲ. ನೆರೆಯೂರಿನ ಗೃಹಸ್ಥನಾದರೆ ಜಾತ್ರೆಯಲ್ಲಿಯೂ ಮದುವೆಯಲ್ಲಿಯೂ ಎದುರಿಗೆ ಬರತಕ್ಕವನು. ಆಡಿದ ಮಾತಿಗೆ ಉತ್ತರ ಹೇಳಬೇಕಾದ ಈ ಬಾಧ್ಯತೆಯೇ ಅವನ ವಾಕ್ಯಕ್ಕೆ ಬಲವನ್ನು ಕೊಡುವುದು.

ಗೃಹಸ್ಥನ ಅನುಭವವೂ ಪಂಡಿತರ ಶಾಸ್ತ್ರವೂ ಒಂದಾದರೆ ಎಂತಹ ಫಲವಾಗುವುದೆಂಬುದನ್ನು ಈಚಿನ ಒಂದು ಸಂಗತಿಯು ತೋರಿಸುವುದು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಸಿದ್ದಪ್ಪನವರೆಂಬ ರೈತರು ನೆಟ್ಟ ಒಂದು ಹಲಸಿನ ಮರವಿತ್ತು. ಅದರ ಹಣ್ಣು ಸಣ್ಣದು, ತೂಕ ಸುಮಾರು ಎರಡೂವರೆ ಕಿಲೋಗ್ರಾಂ. ತೊಳೆಗಳು ೨೫ರಿಂದ ೩೦. ಬಣ್ಣ ತಾಮ್ರದ ಕೆಂಪು. ರುಚಿ ಅತಿ ಮಧುರ. ಬಲ್ಲವರು ಹುಡುಕಿಕೊಂಡು ಬಂದು ಆ ಹಣ್ಣನ್ನು ಕೊಳ್ಳುತ್ತಿದ್ದರು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದರು. ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯು ೨೦೧೭ರಲ್ಲಿ ಮರದ ಒಡೆಯರಾದ ಸಿದ್ದಪ್ಪನವರ ಮಗನೊಡನೆ ಒಪ್ಪಂದವನ್ನು ಮಾಡಿಕೊಂಡು, ಕಸಿಗಿಡಗಳನ್ನು ಕಟ್ಟಿಕೊಟ್ಟು, ಮಾರಾಟದ ಉತ್ಪನ್ನದಲ್ಲಿ ಹೆಚ್ಚಿನ ಪಾಲು ರೈತನಿಗೇ ಸಲ್ಲುವಂತೆ ಏರ್ಪಡಿಸಿತು. ತಳಿಗೆ ಸಿದ್ದು ಎಂದು ಹೆಸರಾಯಿತು. ಮರವನ್ನು ನೆಟ್ಟ ತಂದೆಯ ಹೆಸರೇ ಅದು. ಅಫೊನ್ಸೊ, ಅನಂತಭಟ್ಟ, ಸಿದ್ದಪ್ಪ ಈ ಮೂವರ ಹೆಸರುಗಳೂ ಒಂದೇ ಸತ್ಯವನ್ನು ಸಾರುವುವು. ಒಳ್ಳೆಯ ಮರಕ್ಕೆ ಒಂದು ವಿಳಾಸ ಉಂಟು. ಆ ವಿಳಾಸವು ಒಬ್ಬ ಗೃಹಸ್ಥನ ಹಿತ್ತಲು. ೨೦೦೧ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಶಾಸನವು ರೈತರ ತಳಿಗಳನ್ನು ಅವರ ಹೆಸರಿನಲ್ಲಿಯೇ ನೋಂದಾಯಿಸುವುದಕ್ಕೆ ಅವಕಾಶವನ್ನು ಕೊಟ್ಟು ಈ ಸತ್ಯವನ್ನು ಮನ್ನಿಸಿದೆ.

ಇಂತಹ ಇತಿಹಾಸದಿಂದ ಕೊಳ್ಳುವವನು ಗ್ರಹಿಸತಕ್ಕುದೇನು? ಮೊದಲು, ಸಸಿಯನ್ನು ನೋಡುವುದಕ್ಕೆ ಮುಂಚೆ ತಾಯಿಮರವನ್ನು ನೋಡಬೇಕು. ಸಾಧ್ಯವಾದರೆ ಫಲಕಾಲದಲ್ಲಿ ಹೋಗಿ ಹಣ್ಣನ್ನು ತಿಂದು ನೋಡಬೇಕು. ಆಗ ಶಬ್ದಪ್ರಮಾಣಕ್ಕೆ ಪ್ರತ್ಯಕ್ಷವೂ ಜೊತೆಯಾಗುವುದು. ಎರಡನೆಯದಾಗಿ, ಮರದ ದೋಷವನ್ನು ಕೇಳಬೇಕು. ಯಾವ ವರ್ಷ ಫಲ ಬಿಡಲಿಲ್ಲ, ಯಾವ ಹುಳು ಬೀಳುವುದು, ಎಷ್ಟು ನೀರು ಬೇಕು ಎಂದು ಕೇಳಿದಾಗ ಮರೆಮಾಚದೆ ಹೇಳುವವನು ಆಪ್ತನು. ದೋಷವೇ ಇಲ್ಲವೆನ್ನುವವನು ವ್ಯಾಪಾರಿ. ಮೂರನೆಯದಾಗಿ, ಕಸಿಯ ಗಂಟು ಚೆನ್ನಾಗಿ ಕೂಡಿದೆಯೇ, ಚಿಗುರು ಗಂಟಿನ ಮೇಲಿನಿಂದ ಬಂದಿದೆಯೇ ಎಂದು ಪರೀಕ್ಷಿಸಬೇಕು. ಗಂಟಿನ ಕೆಳಗಿನ ಚಿಗುರು ಬೇರುಗಿಡದ್ದು; ಅದನ್ನು ಕೀಳದಿದ್ದರೆ ಅದು ಬೆಳೆದು ಮೇಲಿನದನ್ನು ಕೊಲ್ಲುವುದು. ಸಸಿಯು ಚೀಲದಲ್ಲಿ ಬಹುಕಾಲ ನಿಂತು ಬೇರು ಸುರುಳಿ ಸುತ್ತಿಕೊಂಡಿರಬಾರದು. ಎತ್ತರವಾದ ಸಸಿಯೇ ಉತ್ತಮವೆಂಬ ಭ್ರಾಂತಿಯನ್ನು ಬಿಡಬೇಕು. ಬಾಳೆಯ ಕಂದಾದರೆ ರೋಗವಿಲ್ಲದ ತೋಟದ, ಕತ್ತಿಯಂತೆ ಕಿರಿದಾದ ಎಲೆಯುಳ್ಳದ್ದನ್ನೇ ಆರಿಸಬೇಕು. ಕಡೆಯದಾಗಿ, ನಮ್ಮ ಊರಿನ ಮಣ್ಣು ಮಳೆಗಳನ್ನು ಹೋಲುವ ಸ್ಥಳದಲ್ಲಿ ಬೆಳೆದ ಮರವನ್ನೇ ಹುಡುಕಬೇಕು. ನೂರು ಹರಿದಾರಿಯ ಆಚೆ ಹೆಸರುಪಡೆದ ಹಣ್ಣಿಗಿಂತ ಪಕ್ಕದ ಹಳ್ಳಿಯಲ್ಲಿ ಇಪ್ಪತ್ತು ವರ್ಷ ಬರಗಾಲವನ್ನು ಕಂಡು ಬದುಕಿದ ಮರವು ನಮಗೆ ಹೆಚ್ಚು ಹತ್ತಿರದ ಬಂಧು.

ಕೊಳ್ಳುವವನಿಗೆ ಮಾತ್ರ ಕರ್ತವ್ಯವಿರುವುದೆಂದು ತಿಳಿಯಬಾರದು. ಹಿರಿಯರು ಕಾಲವಶರಾಗಿ, ಮನೆಗಳು ಭಾಗವಾಗಿ, ಹಿತ್ತಲುಗಳು ನಿವೇಶನಗಳಾಗುತ್ತಿರುವ ಈ ಕಾಲದಲ್ಲಿ ತಾಯಿಮರಗಳು ಮೌನವಾಗಿ ಉರುಳುತ್ತಿರುವುವು. ಮರ ಬಿದ್ದ ಮೇಲೆ ಅದರ ಹಣ್ಣಿನ ಸ್ಮರಣೆಯು ಒಂದು ತಲೆಮಾರಿನವರೆಗೆ ಉಳಿದೀತು, ಕುಡಿಯು ಉಳಿಯದು. ಆದಕಾರಣ ಶಿಷ್ಯವರ್ಗದಲ್ಲಿ ತೋಟಗಾರಿಕೆಯನ್ನು ಬಲ್ಲವರು ತಮ್ಮ ತಮ್ಮ ಗ್ರಾಮಗಳಲ್ಲಿ ಯಾರ ಹಿತ್ತಲಿನಲ್ಲಿ ಯಾವ ಒಳ್ಳೆಯ ಮರವಿದೆ, ಅದರ ವಯಸ್ಸೆಷ್ಟು, ಹಣ್ಣಿನ ಗುಣವೇನು, ಅದನ್ನು ನೆಟ್ಟವರು ಯಾರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ; ಕಸಿಯನ್ನು ಕಟ್ಟಬಲ್ಲ ವೃದ್ಧರ ಬಳಿಗೆ ಊರಿನ ಒಬ್ಬಿಬ್ಬರು ತರುಣರನ್ನು ಕಳುಹಿಸಲಿ; ಒಂದೊಂದು ಮರದ ಎರಡು ಮೂರು ಕುಡಿಗಳನ್ನಾದರೂ ಬೇರೆ ಬೇರೆ ಹಿತ್ತಲುಗಳಲ್ಲಿ ನೆಡಿಸಲಿ. ಕೊಂಡವನು ಬೆಲೆಯೊಡನೆ ಮರದ ಹೆಸರನ್ನೂ ನೆಟ್ಟವನ ಹೆಸರನ್ನೂ ಕೇಳಿ ತಂದು ತನ್ನ ಮಕ್ಕಳಿಗೆ ಹೇಳಲಿ. ಹಾಗೆ ಮಾಡಿದರೆ ಇಂದು ಸಸಿಯನ್ನು ಕೊಂಡವನೇ ಇನ್ನು ಇಪ್ಪತ್ತು ವರ್ಷಗಳ ಮೇಲೆ ಮತ್ತೊಬ್ಬನಿಗೆ ತಾಯಿಮರವನ್ನು ತೋರಿಸಿ, ಕಂಡುದನ್ನು ಕಂಡಂತೆ ಹೇಳುವ ಆಪ್ತನಾಗುವನು.

ಶುಭಮಸ್ತು.